ಮೊದಲ ಬೀಡಿ ಯಾವ ವಯಸ್ಸಿಗೆ? ಆರ್‌ನ ‘ಸರ್ವೈವಲ್’ ಪ್ಯಾಕೇಜ್ ಬಳಸಿ ನೋಡಿದಾಗ

ತುಮಕೂರು ಕಡೆಯ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಸರ್ವೆ ಮಾಡಿ ‘ಇಷ್ಟು ಪರ್ಸೆಂಟ್ ಮಕ್ಕಳು ಗುಟ್ಕಾ ಹಾಕಿದ್ದಾರೆ’ ಎಂದಷ್ಟೇ ಬರೆಯುವ ಪ್ರಾಜೆಕ್ಟಿಗೆ ‘ಆರ್’ ಎಂಬ ಅಂಕಿಅಂಶ ಸಾಫ್ಟ್‌ವೇರಿನ ಈ ಪ್ಯಾಕೇಜ್ ಬೇಡ. ಯಾವ ವಯಸ್ಸಿನಲ್ಲಿ ಚಟ ಅಂಟಿಕೊಳ್ಳುತ್ತದೆ ಅನ್ನೋದು ಪ್ರಶ್ನೆಯಾದರೆ ಬೇಕೇ ಬೇಕು. 13ರ ಹುಡುಗ ‘ಇಲ್ಲ’ ಅಂದರೆ ‘ಇನ್ನೂ ಇಲ್ಲ’ ಅಂತಷ್ಟೇ ಅರ್ಥ. ಆ ಅರ್ಧ ಮಾಹಿತಿಯನ್ನು ಎಸೆಯದೆ ಲೆಕ್ಕಕ್ಕೆ ಹಿಡಿಯೋದೇ ಇದರ ಕಸುಬು.

ದುಡ್ಡು ಕೊಡಬೇಕಿಲ್ಲ, ಆರ್ ಜೊತೆಗೇ ಬರುತ್ತದೆ. 4.2ರಿಂದೀಚಿನ ಆರ್ ವಿಂಡೋಸ್‌ನಲ್ಲೂ ‘ಕಡ್ಡಿಪುಡಿ’, ‘ಬೀಡಿ’ ಎಂಬ ಕನ್ನಡ ಉತ್ತರಗಳನ್ನು ಸರಿಯಾಗಿ ಓದುತ್ತದೆ. ಎಕ್ಸೆಲ್‌ನಲ್ಲಿ ಬರೀ ಸಿಎಸ್‌ವಿ ಅಂತ ಸೇವ್ ಮಾಡಿದರೆ ಮಾತ್ರ ಅಕ್ಷರವೆಲ್ಲ ಪ್ರಶ್ನೆಚಿಹ್ನೆ. ಯುಟಿಎಫ್-8 ಆಯ್ಕೆ ಒತ್ತಿ.

ಒಂದು ಘಟನೆ ನಡೆಯುವ ಅಪಾಯವನ್ನು ಯಾವ ಅಂಶ ಎಷ್ಟು ಏರಿಸುತ್ತದೆ ಅಂತ ಅಳೆಯುವ ಕಾಕ್ಸ್ ಮಾಡೆಲ್‌ಗೇ ಎಲ್ಲರೂ ನೇರ ಕೈ ಹಾಕುತ್ತಾರೆ. ಇಲ್ಲಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. 1972ರ ಆ ಮಾದರಿಗೆ ಕಾಲ ಎಡೆಬಿಡದೆ ಹರಿಯಬೇಕು. ಮಕ್ಕಳು ಹೇಳುವುದೋ ‘12’, ‘13’ ಎಂಬ ಇಡೀ ಸಂಖ್ಯೆ, ಒಂದೊಂದು ವಯಸ್ಸಿಗೆ ಹತ್ತಾರು ಮಂದಿ. ಪ್ಯಾಕೇಜಿನ ನಿಜವಾದ ಬೆಲೆ ಇರೋದು ‘ಸರ್ವ್‌ಸ್ಪ್ಲಿಟ್’ ಎಂಬ ಫಂಕ್ಷನ್‌ನಲ್ಲಿ. ಅದು ಒಬ್ಬ ವಿದ್ಯಾರ್ಥಿಯ ಸಾಲನ್ನು ವರ್ಷಕ್ಕೊಂದರಂತೆ ಒಡೆಯುತ್ತದೆ. ಕಟ್ (ಸಾಲು ಒಡೆಯುವ ವಯಸ್ಸು) 8ರಿಂದ ಕೊಟ್ಟರೆ 13ಕ್ಕೆ ಶುರುಮಾಡಿದವನಿಗೆ 6 ಸಾಲು: ಮೊದಲ ಐದಕ್ಕೆ 0 (ಇನ್ನೂ ಇಲ್ಲ), ಕೊನೆಯದಕ್ಕೆ 1 (ಶುರು). ಮೊದಲ ಸಾಲಿನಲ್ಲಿ 8 ಮತ್ತು ಅದಕ್ಕೂ ಕೆಳಗಿನ ವಯಸ್ಸು ಒಟ್ಟಿಗೆ ಸೇರಿರುತ್ತದೆ, ಹಾಗಾಗಿ ವಯಸ್ಸಿನ ಕಾಲಂ ಬದಲು ಎಪಿಸೋಡ್ ನಂಬರನ್ನೇ (ಎಷ್ಟನೇ ತುಂಡು ಅನ್ನೋದನ್ನು) ಫ್ಯಾಕ್ಟರ್, ಅಂದರೆ ಬೇರೆಬೇರೆ ಗುಂಪು, ಮಾಡಿ. 12ರಿಂದ ಎಣಿಸೋಣ ಅನ್ನಬೇಡಿ. ಶಾಲಾಮಕ್ಕಳ ತಂಬಾಕು ಬಳಕೆಯ 2019ರ ಜಿವೈಟಿಎಸ್ (ಗ್ಲೋಬಲ್ ಯೂತ್ ಟೊಬ್ಯಾಕೊ ಸರ್ವೆ) ಸಮೀಕ್ಷೆಯಲ್ಲಿ, ಭಾರತದಲ್ಲಿ ಬೀಡಿ ಸೇದಿದ್ದ 13–15ರ ಮಕ್ಕಳಲ್ಲಿ 47% ಹತ್ತು ತುಂಬುವ ಮೊದಲೇ ಹಚ್ಚಿದ್ದರು.

ಆಮೇಲೆ ಮಾಮೂಲಿ ಜಿಎಲ್‌ಎಂ (ಜನರಲೈಸ್ಡ್ ಲೀನಿಯರ್ ಮಾಡೆಲ್) ಸಾಕು: 0/1 ಉತ್ತರಕ್ಕೆ ಬೈನಾಮಿಯಲ್, ಕಾಲವನ್ನು ವರ್ಷವರ್ಷವಾಗಿ ಒಡೆದಾಗ ಕಾಕ್ಸ್‌ಗೆ ಹೊಂದುವ ಕಾಂಪ್ಲಿಮೆಂಟರಿ ಲಾಗ್-ಲಾಗ್ ಲಿಂಕ್. ಯಾವುದೋ ವಯಸ್ಸಿನಲ್ಲಿ ಒಬ್ಬರೂ ಶುರು ಮಾಡಿರದಿದ್ದರೆ ಅದರ ಗುಣಾಂಕ ಮೈನಸ್ 20ರ ಆಸುಪಾಸಿಗೆ ಕುಸಿದು ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ನೂರಾರು, ಸಾವಿರಾರು ತೋರಿಸುತ್ತದೆ. ಪಕ್ಕದ ವಯಸ್ಸಿಗೆ ಸೇರಿಸಿಬಿಡಿ. ಸರ್ವೆ ದಿನಕ್ಕೆ ನಡೆಯುತ್ತಿರುವ ವರ್ಷ ಇನ್ನೂ ತುಂಬಿರಲ್ಲ. ಆ ಸಾಲನ್ನು ಎಲ್ಲರಿಂದಲೂ ತೆಗೆಯಬೇಕು, ಆ ವರ್ಷವೇ ಶುರು ಮಾಡಿದವರದ್ದನ್ನೂ. ಇಲ್ಲದಿದ್ದರೆ 16ಕ್ಕೆ ಅಪಾಯ ಇಳಿದಂತೆ ಸುಳ್ಳು ಚಿತ್ರ ಬರುತ್ತದೆ.

‘ಗೆಳೆಯರು ಸೇದುತ್ತಾರಾ’ ಅಂತ 16ರಲ್ಲಿ ಕೇಳಿದ್ದನ್ನು 13ರ ಸಾಲಿಗೆ ಕಾರಣವಾಗಿ ಅಂಟಿಸೋದು ಅತಿ ಸಾಮಾನ್ಯ ತಪ್ಪು. ಸೇದಲು ಕಲಿತ ಮೇಲೆಯೇ ಆ ಗೆಳೆಯರು ಸಿಕ್ಕಿರಬಹುದಲ್ಲ! ಇಂಥದ್ದಕ್ಕೆ ಪ್ಯಾಕೇಜ್ ಎಚ್ಚರಿಕೆ ಕೊಡಲ್ಲ. ಒಂದೇ ಶಾಲೆಯ ಮಕ್ಕಳು ಪರಸ್ಪರ ಸ್ವತಂತ್ರರಲ್ಲ ಅನ್ನೋದಕ್ಕೆ ಕಾಕ್ಸ್‌ನಲ್ಲಿ ‘ಕ್ಲಸ್ಟರ್’ ಇದೆ, ಜಿಎಲ್‌ಎಂ ದಾರಿ ಹಿಡಿದರೆ ಆ ಕೆಲಸಕ್ಕೆ ‘ಎಲ್‌ಎಂಇ4’ನಂಥ ಇನ್ನೊಂದು ಪ್ಯಾಕೇಜ್ ಬೇಕು. ಇದೊಂದು ಕಿರಿಕಿರಿ.

ಪ್ರಶ್ನಾವಳಿ ಕೆಟ್ಟಿದ್ದರೆ ಯಾವ ಮಾಡೆಲ್ಲೂ ಕಾಪಾಡಲ್ಲ. ‘ಎಷ್ಟು ವಯಸ್ಸಿಗೆ’ ಅಂದರೆ 10, 15ರ ಮೇಲೆ ರಾಶಿ ಬೀಳುತ್ತದೆ. ‘ಎಷ್ಟನೇ ಕ್ಲಾಸು, ಸಿದ್ಧಗಂಗೆ ಜಾತ್ರೆಗೆ ಮುಂಚೆಯೋ ಆಮೇಲೋ’ ಅಂತ ಕೇಳಿ. ಇನ್ನು ಗುಬ್ಬಿಯಂಥ ಅಡಿಕೆ ಸೀಮೆಯಲ್ಲಿ ಹಬ್ಬದ ಊಟದ ಮೇಲೆ ಎಲೆಅಡಿಕೆ ಮಕ್ಕಳ ಕೈಗೂ ಬರುತ್ತದೆ. ಹೊಗೆಸೊಪ್ಪು ಸೇರಿದ್ದಕ್ಕೆ ಒಂದು ಕಾಲಂ, ಸೇರದ್ದಕ್ಕೆ ಇನ್ನೊಂದು.