ಲ್ಯಾಬ್ ಸರ್ವರ್ ಕಾಯುವ ಒಂದೇ ಸಾಲು: ಪ್ಯಾಮ್ ಲಿಮಿಟ್ಸ್, ಐದಕ್ಕೆ ನಾಲ್ಕು ಸ್ಟಾರ್

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಕಾಲೇಜು ಲ್ಯಾಬಿಗೆ ಇರುವುದು ಒಂದೇ ಲಿನಕ್ಸ್ ಸರ್ವರ್. ಅರವತ್ತು ಹುಡುಗರು ಒಟ್ಟಿಗೆ ಲಾಗಿನ್ ಆಗುತ್ತಾರೆ. ಆಪರೇಟಿಂಗ್ ಸಿಸ್ಟಮ್ ಪ್ರಾಕ್ಟಿಕಲ್ ಅಂದ ಮೇಲೆ ಫೋರ್ಕ್ ಬರೆಯಲೇಬೇಕು, ಅಂದರೆ ಓಡುತ್ತಿರುವ ಪ್ರೋಗ್ರಾಮ್ (ಪ್ರೊಸೆಸ್) ತನ್ನದೇ ನಕಲು ಹುಟ್ಟಿಸುವ ಕರೆ. ಒಬ್ಬರು ಅದನ್ನು ನಿಲ್ಲದ ಲೂಪಿನೊಳಗೆ ಇಟ್ಟರೂ ಮುಗೀತು. ಒಂದು ಪ್ರೊಸೆಸ್ ಎರಡಾಗಿ, ಎರಡು ನಾಲ್ಕಾಗಿ, ಎಲ್ಲರ ಪರದೆಯೂ ಗಪ್ಪನೆ ನಿಲ್ಲುತ್ತದೆ. ಕುಂದಗೋಳ, ನವಲಗುಂದದಿಂದ ಬಸ್ ಹತ್ತಿ ಬಂದ ಮಕ್ಕಳ ಪ್ರಾಕ್ಟಿಕಲ್ ಸುಮ್ನೆ ಹಾಳಾಗಬಾರದು ಅಲ್ವಾ?

ಅದಕ್ಕೆ ಮದ್ದು ಪ್ಯಾಮ್ ಲಿಮಿಟ್ಸ್, ಅಂದರೆ ಲಾಗಿನ್ ಆಗುವಾಗ ಒಬ್ಬೊಬ್ಬರಿಗೂ ಬಳಕೆಯ ಮಿತಿ ಹಾಕುವ ಭಾಗ. ಬೇರೆ ದುಡ್ಡು ಕೊಡಬೇಕಿಲ್ಲ, ಲಿನಕ್ಸ್ ಜೊತೆಗೇ ಬರುತ್ತದೆ. ಲಿಮಿಟ್ಸ್ ಡಾಟ್ ಕಾನ್ಫ್ ಫೈಲಿನಲ್ಲಿ ಒಂದು ಸಾಲು: ಮುಂದೆ @ ಹಚ್ಚಿದ ಹುಡುಗರ ಗ್ರೂಪಿನ ಹೆಸರು, ಹಾರ್ಡ್, ಎನ್‌ಪ್ರಾಕ್ (ಪ್ರೊಸೆಸ್‌ಗಳ ಸಂಖ್ಯೆ), 200. ಮುಂದಿನ ಲಾಗಿನ್‌ನಿಂದ ಜಾರಿ. ಆಗಲೇ ಒಳಗಿದ್ದವರು ಹೊರಗೆ ಹೋಗಿ ಬರಬೇಕು. ಸಾಫ್ಟ್ ಅಂತ ಮಾತ್ರ ಬರೆದರೆ ಹುಡುಗರೇ ಯುಲಿಮಿಟ್ ಕಮಾಂಡ್ ಕೊಟ್ಟು ಅದನ್ನು ಏರಿಸಿಕೊಳ್ಳುತ್ತಾರೆ. ಹಾರ್ಡ್ ದಾಟೋಕೆ ಆಗಲ್ಲ.

ಈಗ ಲೂಪ್ ತಪ್ಪಿದವರ ಟರ್ಮಿನಲ್‌ನಲ್ಲಿ ಮಾತ್ರ ‘ರಿಸೋರ್ಸ್ ಟೆಂಪರರಿಲಿ ಅನ್‌ಅವೈಲಬಲ್’ ಅಂತ ಬರುತ್ತದೆ. ಪಕ್ಕದ ಬೆಂಚಿನವರ ಸಿ ಕಂಪೈಲರ್ ಜಿಸಿಸಿ ಕಂಪೈಲ್ ಮಾಡುತ್ತಲೇ ಇರುತ್ತದೆ. ರೂಟ್‌ಗೆ, ಅಂದರೆ ಅಡ್ಮಿನ್ ಲಾಗಿನ್‌ಗೆ, ಈ ಮಿತಿ ತಟ್ಟುವುದಿಲ್ಲ, ಹಾಗಾಗಿ ನಾನು ಒಳಗೆ ಹೋಗಬಹುದು. ಆ ಯೂಸರ್‌ನ ಪ್ರೊಸೆಸ್‌ಗಳಿಗೆಲ್ಲ ಮೊದಲು ಸ್ಟಾಪ್ ಸಿಗ್ನಲ್, ಆಮೇಲೆ ಕಿಲ್. ನೇರ ಕಿಲ್ ಕೊಟ್ಟರೆ ಒಂದು ಸಾಯುವಷ್ಟರಲ್ಲಿ ಇನ್ನೊಂದು ಹುಟ್ಟಿರುತ್ತದೆ.

ಒಂದು ಸ್ಟಾರ್ ಕಡಿಮೆ ಯಾಕೆ? ಎನ್‌ಪ್ರಾಕ್ ಅಂದರೂ ಎಣಿಸುವುದು ಥ್ರೆಡ್‌ಗಳನ್ನೂ (ಒಂದೇ ಪ್ರೊಸೆಸ್ ಒಳಗೆ ಒಟ್ಟಿಗೆ ಓಡುವ ಎಳೆಗಳು) ಸೇರಿಸಿ. ಒಂದು ಜಾವಾ ಪ್ರೋಗ್ರಾಮ್ ಓಡಿಸಿದರೂ ಥ್ರೆಡ್ ಜಾಸ್ತಿ ಆಗುತ್ತವೆ, 50 ಇಟ್ಟರೆ ಪಾಪ, ತಪ್ಪಿಲ್ಲದವರೂ ಸಿಕ್ಕಿಬೀಳುತ್ತಾರೆ. ಗ್ರೂಪಿಗೆ ಅಂತ ಬರೆದ 200 ಕೂಡ ಇಡೀ ಗ್ರೂಪಿನ ಲೆಕ್ಕ ಅಲ್ಲ, ತಲಾ 200. ಅರವತ್ತು ಜನಕ್ಕೆ 12,000 ತನಕ ಹೋಗಬಹುದು. ಸಿಸ್ಟಮ್‌ಡಿ (ಲಿನಕ್ಸ್‌ನ ಹಿನ್ನೆಲೆ ಕೆಲಸಗಳನ್ನು ನಡೆಸುವ ಭಾಗ) ಶುರು ಮಾಡುವ ಸರ್ವಿಸ್‌ಗಳು ಈ ಫೈಲ್ ನೋಡುವುದೇ ಇಲ್ಲ, ಅವಕ್ಕೆ ಸಿಸ್ಟಮ್‌ಡಿಯದ್ದೇ ಮಿತಿ ಟಾಸ್ಕ್ಸ್‌ಮ್ಯಾಕ್ಸ್ ಇಡಬೇಕು.

ಇನ್ನೊಂದು ಮಾತು, ಧಾರವಾಡ-ಗದಗ ಕಡೆಯ ಲ್ಯಾಬ್ ನೋಡಿಕೊಳ್ಳುವವರಿಗೆ. ಎಲ್ಲರಿಗೂ ಒಂದೇ ‘ಸ್ಟೂಡೆಂಟ್’ ಲಾಗಿನ್ ಕೊಟ್ಟಿದ್ದರೆ ಇದು ಉಲ್ಟಾ ಹೊಡೆಯುತ್ತದೆ. ಲೆಕ್ಕ ಯೂಸರ್ ಐಡಿ ಮೇಲೆ ನಡೆಯುವುದರಿಂದ ಒಬ್ಬನೇ 200 ತುಂಬಿಸಿ ಉಳಿದವರನ್ನೆಲ್ಲ ಕಟ್ಟಿಹಾಕುತ್ತಾನೆ. ಮೊದಲು ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಡಿ, ಆಮೇಲೆ ಈ ಸಾಲು ಬರೆಯಿರಿ.