ಹೊಲದ ಬದುವಿನಲ್ಲಿ ಏನಿದೆ ಎಂದು ಕೇಳಿದ ಚರ್ಮ ಚಿಕಿತ್ಸಾಲಯ

ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಚಿಕ್ಕ ಚರ್ಮ ಚಿಕಿತ್ಸಾಲಯಕ್ಕೆ ತಂದೆಯವರನ್ನು ಕರೆದುಕೊಂಡು ಹೋದಾಗ ಅವರ ಕಣ್ಣುರೆಪ್ಪೆಗಳು ಊದಿಕೊಂಡಿದ್ದವು, ಕುತ್ತಿಗೆಯ ಚರ್ಮ ದಪ್ಪಗಾಗಿ ಕಪ್ಪಿಟ್ಟಿತ್ತು, ಮೊಣಕೈ ಮಡಿಕೆಗಳಲ್ಲಿ ಕೆರೆದು ಕೆರೆದು ನೀರು ಒಸರುತ್ತಿತ್ತು. ಮನೆಯವರೆಲ್ಲ ಸೇರಿ ಅದನ್ನು ಹುಳುಕಡ್ಡಿ ಎಂದು ತೀರ್ಮಾನಿಸಿ, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದ್ದೆವು. ಹಚ್ಚಿದಷ್ಟು ದಿನ ತಣ್ಣಗಿದ್ದು, ಬಿಟ್ಟ ವಾರಕ್ಕೇ ಅದು ಮತ್ತೆ ಕೆರಳುತ್ತಿತ್ತು.

ವೈದ್ಯರು ಮೊದಲು ಆ ಟ್ಯೂಬನ್ನೇ ಕೇಳಿ ಪಡೆದರು. ಅದರಲ್ಲಿ ಶಿಲೀಂಧ್ರನಾಶಕದ ಜೊತೆಗೆ ಕ್ಲೋಬೆಟಸಾಲ್ ಎಂಬ ಅತಿ ಪ್ರಬಲ ಸ್ಟೀರಾಯ್ಡ್ ಇತ್ತು. ನಿಜಕ್ಕೂ ಹುಳುಕಡ್ಡಿಯೇ ಆಗಿದ್ದರೆ ಸ್ಟೀರಾಯ್ಡ್ ಕೆಂಪನ್ನು ಮರೆಮಾಡಿ ಒಳಗೊಳಗೇ ಸೋಂಕು ಹರಡಲು ಬಿಡುತ್ತದೆ, ಮುಖದ ಮೇಲಾದರೆ ಚರ್ಮವನ್ನೇ ತೆಳ್ಳಗಾಗಿಸುತ್ತದೆ ಎಂದು ಅವರು ವಿವರಿಸಿದರು. ಕುತ್ತಿಗೆಯ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರ ಕಾಣಲಿಲ್ಲ. ಆಮೇಲೆ ಬಂದ ಪ್ರಶ್ನೆಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ: "ನಿಮ್ಮ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಏನು ಬೆಳೆದಿದೆ?"

ಬೆಳೆದಿದ್ದುದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಈ ಕಳೆಯ ಒಣಗಿದ ಚೂರುಗಳೂ ಗಾಳಿಯಲ್ಲಿ ತೇಲಿ ಬಂದು, ಒಗ್ಗದವರ ಚರ್ಮವನ್ನು ಕೆರಳಿಸುತ್ತವೆ. ಬಿಸಿಲಿನ ಅಲರ್ಜಿಯಾಗಿದ್ದರೆ ಗದ್ದದ ಕೆಳಗೆ, ಕಿವಿಯ ಹಿಂದೆ, ಮೇಲಿನ ರೆಪ್ಪೆಯಲ್ಲಿ, ಹೀಗೆ ನೆರಳಿರುವ ಕಡೆ ಚರ್ಮ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ತಂದೆಯವರಿಗೆ ಅಲ್ಲಿಯೇ ಹೆಚ್ಚಾಗಿತ್ತು. ಸೇವಂತಿಗೆ, ಸೂರ್ಯಕಾಂತಿಗಳೂ ಅದೇ ಕುಟುಂಬದವು ಎಂದು ತಿಳಿದಾಗ, ಪೂಜೆಯ ಹೂಮಾಲೆಯನ್ನು ನೆನೆದು ತಾಯಿಗೆ ನಿಜಕ್ಕೂ ಬೇಸರವಾಯಿತು.

ಕೆರಳಿಕೆ ತಗ್ಗಿಸಲು ಕೊಟ್ಟಿದ್ದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದ ಮೇಲೆ, ಚರ್ಮ ತಿಳಿಯಾಗುವವರೆಗೆ ಕಾದು, ಅನುಮಾನವಿರುವ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ಯಾವುದು ಒಗ್ಗದು ಎಂದು ನೋಡುವ ಪ್ಯಾಚ್ ಪರೀಕ್ಷೆ ಮಾಡಿದರು. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಗಳ ನಂತರ ತೆಗೆದು ನೋಡಿ, 96 ಗಂಟೆಗೆ ಮತ್ತೊಮ್ಮೆ ನೋಡಿದಾಗ ಪಾರ್ಥೇನಿಯಂ ಹಚ್ಚಿದ ಜಾಗ ಕೆಂಪಾಗಿ ಉಬ್ಬಿತ್ತು. ಈಗ ಅವರು ತುಂಬುತೋಳಿನ ಅಂಗಿ ತೊಟ್ಟು ಹೊಲಕ್ಕೆ ಹೋಗುತ್ತಾರೆ, ಬಂದ ಕೂಡಲೇ ಸ್ನಾನ ಮಾಡುತ್ತಾರೆ. ಬದುವಿನ ಕಳೆಯನ್ನು ಬೇರೆಯವರಿಂದ ಹೂಬಿಡುವ ಮೊದಲೇ ಕೀಳಿಸುತ್ತೇವೆ. ತುರಿಕೆ ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತಿದೆ.

ದೂರುಗಳೂ ಇವೆ. ಟೋಕನ್ ಪಡೆದ ಮೇಲೂ ಎರಡು ಗಂಟೆ ಕಾಯಬೇಕಾಯಿತು. ಪಟ್ಟಿ ಇರುವಷ್ಟು ದಿನ ಬೆನ್ನಿಗೆ ನೀರು ತಾಗಿಸಬಾರದು, ಬೆವರಬಾರದು ಎಂಬುದನ್ನು ಅಂಟಿಸಿದ ಮೇಲೆ ಹೇಳಿದರು. ದಾವಣಗೆರೆಯ ಏಪ್ರಿಲ್‌ನಲ್ಲಿ ಬೆವರದೆ ಇರುವುದು ಹೇಗೆಂದು ಹೇಳಲಿಲ್ಲ. ಸೂಚನೆಯ ಚೀಟಿಯೂ ಇಂಗ್ಲಿಷಿನಲ್ಲಿತ್ತು. ಜಗಳೂರು, ಹರಿಹರದ ಕಡೆಯ ರೈತರೇ ತುಂಬಿದ್ದ ಆ ಕೋಣೆಯಲ್ಲಿ ಅದನ್ನು ನಾನು ನಮ್ಮ ತಂದೆಯವರಿಗಷ್ಟೇ ಅಲ್ಲ, ಪಕ್ಕದ ಇಬ್ಬರಿಗೂ ಓದಿ ಹೇಳಬೇಕಾಯಿತು.