ಅಡಿಕೆ ಮನೆ, ಕಾಫಿ ತೋಟ, ರೇಷ್ಮೆ ಮನೆ: ಮೂರೂ ಕಡೆ ಉಳಿದು ನೋಡಿದ್ದು

ಎರಡು ವರ್ಷದಿಂದ ನಮ್ಮ ರಜೆಯೆಲ್ಲ ರೈತರ ಮನೆಗಳಲ್ಲೇ ಕಳೆದಿದೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗ, 7 ವರ್ಷದ ಮಗಳು, ಜೊತೆಗೆ 70 ದಾಟಿದ ಅತ್ತೆ. ಉತ್ತರ ಕನ್ನಡದ ಸಿದ್ದಾಪುರದ ಹತ್ತಿರ ಅಡಿಕೆ ತೋಟದ ಮನೆ, ಮೂಡಿಗೆರೆ ಕಡೆಯ ಕಾಫಿ ತೋಟ, ಮಳವಳ್ಳಿ ಸೀಮೆಯಲ್ಲಿ ಕಬ್ಬು ಮತ್ತು ರೇಷ್ಮೆ ಇರುವ ಮನೆ. ಮೂರೂ ಕಡೆ ಮೂರು ಮೂರು ರಾತ್ರಿ ಉಳಿದಿದ್ದೇವೆ. ಯಾವುದು ಚೆನ್ನಾಗಿದೆ ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ನೋಡುವುದು ಒಂದನ್ನೇ. ನಾವು ಇದ್ದಾಗ ಆ ಮನೆಯ ಕೆಲಸ ನಡೆಯುತ್ತಿತ್ತಾ? ಅದರಲ್ಲಿ ನಮಗೂ ಒಂದು ಮೂಲೆ ಸಿಕ್ಕಿತಾ? ಕೋಣೆ, ಹಾಸಿಗೆ, ಬಿಸಿನೀರು ಮೂರೂ ಕಡೆ ಚೊಕ್ಕವಾಗಿದ್ದವು. ಅದರ ಬಗ್ಗೆ ಮತ್ತೆ ಹೇಳುವುದಿಲ್ಲ.

ಕಾಫಿ ತೋಟಕ್ಕೆ ನಾವು ಮೊದಲು ಹೋಗಿದ್ದು ಮೇ ತಿಂಗಳಲ್ಲಿ, ಬೇರೊಂದು ಜಾಗಕ್ಕೆ. ಅರೇಬಿಕಾ ಹಣ್ಣು ಕುಯ್ಯುವುದು ನವೆಂಬರಿನಿಂದ ಜನವರಿವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಮೇನಲ್ಲಿ ಗಿಡದಲ್ಲಿ ಮೆಣಸಿನಕಾಳಿನಷ್ಟು ಹಸಿರು ಕಾಯಿ ಇರುತ್ತದೆ ಅಷ್ಟೆ. ಬೆಳಗ್ಗೆ ಒಬ್ಬ ಹುಡುಗ ನಲವತ್ತು ನಿಮಿಷ ತೋಟ ಸುತ್ತಿಸಿದ. ರಾತ್ರಿ ಬೆಂಕಿ ಹಾಕಿ ಸ್ಪೀಕರ್ ಹಚ್ಚಿದರು. ಮಕ್ಕಳು ಫೋನ್ ಹಿಡಿದು ಕೂತರು. ಆ ದಿನ ನನಗೆ ನಿಜಕ್ಕೂ ಬೇಜಾರಾಯಿತು. ತೋಟದ ನಡುವೆ ಇದ್ದೂ ತೋಟದವರು ಯಾರೂ ನಮಗೆ ಸಿಗಲಿಲ್ಲ.

ಡಿಸೆಂಬರಿನಲ್ಲಿ ಇನ್ನೊಂದು ಚಿಕ್ಕ ತೋಟ ಹುಡುಕಿ ಹೋದೆವು. ಅಲ್ಲಿ ಕತೆಯೇ ಬೇರೆ. ಬೆಳಗ್ಗೆ ಎಂಟಕ್ಕೆ ಆಳುಗಳು ಸೊಂಟಕ್ಕೆ ಚೀಲ ಕಟ್ಟಿ ಸಾಲಾಗಿ ಇಳಿದರು. ನಮಗೂ ಒಂದೊಂದು ಚೀಲ ಕೊಟ್ಟರು. ಕೆಂಪು ಹಣ್ಣನ್ನಷ್ಟೇ ಬಿಡಿಸಬೇಕು, ಹಸಿರು ಬೆರೆತರೆ ರುಚಿ ಕೆಡುತ್ತದೆ. ನಾವು ನಾಲ್ಕು ಜನ ಮಧ್ಯಾಹ್ನದವರೆಗೆ ಕುಯ್ದಿದ್ದು 9 ಕಿಲೋ. ಪಕ್ಕದ ಸಾಲಿನ ಹೆಂಗಸು ಒಬ್ಬಳೇ ಅದರ ನಾಲ್ಕು ಪಟ್ಟು ಕುಯ್ದಿದ್ದಳು. ಸಂಜೆ ತೂಕದ ಹತ್ತಿರ ರೈಟರು ಒಬ್ಬೊಬ್ಬರ ಹೆಸರು ಕೂಗಿ ಪುಸ್ತಕದಲ್ಲಿ ಬರೆದುಕೊಳ್ಳುವಾಗ ನಮ್ಮ ಮಗನ ಹೆಸರನ್ನೂ ಕೂಗಿದರು. ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಕಾಫಿ ಬೀಜ ಸಿಗುತ್ತದೆ ಅಂತ ಗೊತ್ತಾದ ಮೇಲೆ ಅವನು ಲೋಟದಲ್ಲಿ ಕಾಫಿ ಉಳಿಸಿದ್ದನ್ನು ನಾನು ನೋಡಿಲ್ಲ.

ಆದರೂ ಕಾಫಿ ತೋಟದಲ್ಲಿ ಒಂದು ದೂರ ಉಳಿದೇ ಉಳಿಯುತ್ತದೆ. ಕೆಲಸ ಮಾಡುವವರು ಲೈನ್ ಮನೆಗಳಲ್ಲಿ, ಮಾಲೀಕರು ಬಂಗಲೆಯಲ್ಲಿ, ನಾವು ಇನ್ನೊಂದು ಕಡೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮುಂದೆ ನಿಂತು ನೋಡಬಹುದು, ಕಣದಲ್ಲಿ ಒಣಗುವ ಬೀಜದಲ್ಲಿ ಒಮ್ಮೆ ಕೈಯಾಡಿಸಬಹುದು, ಆಮೇಲೆ ಮಾಡುವುದಕ್ಕೇನೂ ಇಲ್ಲ. ಸಂಜೆ ಆರರ ಮೇಲೆ ಹೊರಗೆ ಓಡಾಡಬೇಡಿ, ಆನೆ ಇವೆ ಅಂದರು. ಅತ್ತೆಗೆ ಇಳಿಜಾರು ಹತ್ತಿಳಿಯಲು ಆಗದೆ ಜಗಲಿಯಲ್ಲೇ ಕೂತರು. ಊಟ ಮಾತ್ರ ಭಾರಿ. ಕಡುಬು, ಕೋಳಿ ಸಾರು, ಅಕ್ಕಿ ರೊಟ್ಟಿ. ಮೂರರಲ್ಲಿ ಮಾಂಸದೂಟ ಚೆನ್ನಾಗಿ ಸಿಕ್ಕಿದ್ದು ಇಲ್ಲೇ. ದುಡ್ಡೂ ಇಲ್ಲೇ ಜಾಸ್ತಿ, ಒಬ್ಬರಿಗೆ ದಿನಕ್ಕೆ 3,000. ಕುಯ್ಲಿಗೆ ಹೋಗಲಾಗದಿದ್ದರೆ ಹೂಮಳೆ ಕಾಯಿರಿ. ಮಾರ್ಚ್ ಹೊತ್ತಿಗೆ ಒಂದು ಒಳ್ಳೆ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ವಾಸನೆ. ಮೂರು ನಾಲ್ಕು ದಿನ ಇರುತ್ತದೆ, ಆಮೇಲೆ ಇಲ್ಲ.

ಸಿದ್ದಾಪುರದ ಮನೆಗೆ ತಲುಪುವುದು ಸುಲಭ. ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ತಾಳಗುಪ್ಪ. ಅಲ್ಲಿಂದ ಮನೆಯವರೇ ಜೀಪಲ್ಲಿ ಕರೆದುಕೊಂಡು ಹೋದರು. ಕಾಲು ತೊಳೆದು ಜಗಲಿ ಹತ್ತುವಷ್ಟರಲ್ಲಿ ಆ ಮನೆಯ ಅಮ್ಮ ಬಂದು "ಆಸ್ರಿಗೆ ಎಂತ ಬೇಕು?" ಅಂದರು. ಬೆಲ್ಲದ ಜೊತೆ ತಣ್ಣನೆಯ ನೀರು, ಹಿಂದೆಯೇ ಕಾಫಿ.

ಅದು ಡಿಸೆಂಬರ್ ಮೊದಲ ವಾರ, ಕೊನೆ ಅಂದರೆ ಅಡಿಕೆ ಗೊನೆ ಕೊಯ್ಯುವ ಹೊತ್ತು. ಕೊನೆ ಕೊಯ್ಯುವ ಕೊನೆಗೌಡ ಒಂದು ಮರ ಹತ್ತಿದವನು ಕೆಳಗೆ ಇಳಿಯಲೇ ಇಲ್ಲ. ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿ, ಅಲ್ಲಿಂದ ಮತ್ತೊಂದಕ್ಕೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತಿತ್ತು. ಮಗಳು ಉಸಿರು ಬಿಗಿಹಿಡಿದು ನೋಡಿದಳು. ಹೀಗೆ ಮರ ಹತ್ತುವವರು ಈಗ ಸಿಗುವುದೇ ಕಷ್ಟ. ಪಕ್ಕದ ತೋಟದಲ್ಲಿ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊಯ್ಯುತ್ತಿದ್ದರು.

ಅಡಿಕೆ ಮನೆಯ ಸೊಗಸು ಇರುವುದು ರಾತ್ರಿಯಲ್ಲಿ. ಊಟವಾದ ಮೇಲೆ ಸುತ್ತಮುತ್ತಲ ಹೆಂಗಸರು, ಗಂಡಸರು ಸುಲಿಯುವುದಕ್ಕೆ ಬಂದರು. ಅಂಗಳದಲ್ಲಿ ಹಸಿರು ಅಡಿಕೆಯ ರಾಶಿ, ಸುತ್ತ ಹತ್ತು ಹನ್ನೆರಡು ಮೆಟ್ಟುಗತ್ತಿ. ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು, ನಿಂತ ಕತ್ತಿಗೆ ಕಾಯಿ ಒತ್ತಿದರೆ ಸಿಪ್ಪೆ ಸೀಳುತ್ತದೆ, ಇನ್ನೊಂದು ಒತ್ತಿಗೆ ಅಡಿಕೆ ಹೊರಗೆ ಬಂದು ಬುಟ್ಟಿಗೆ ಬೀಳುತ್ತದೆ. ಅವರಿಗೆ ಒಂದು ಕಾಯಿಗೆ ಮೂರು ನಾಲ್ಕು ಸೆಕೆಂಡು ಸಾಕು. ಕಣ್ಣು ಕತ್ತಿಯ ಮೇಲೆ ಇರುವುದಿಲ್ಲ, ಮಾತಿನ ಮೇಲೆ. ಯಾರ ಮನೆ ಮದುವೆ, ಯಾರ ಹಸು ಕರು ಹಾಕಿತು, ಈ ವರ್ಷ ಕೊಳೆ ರೋಗ ಎಷ್ಟು ತಿಂದಿತು. ಅತ್ತೆ ಮೊದಲು ಸುಮ್ನೆ ಕೂತು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ "ನನಗೂ ಒಂದು ಕೊಡಿ" ಅಂದರು. ರಾತ್ರಿ ಹತ್ತೂವರೆಗೆ ಎದ್ದಾಗ ಅವರ ಬುಟ್ಟಿಯಲ್ಲಿ ನೂರಕ್ಕೂ ಹೆಚ್ಚು ಅಡಿಕೆ ಇತ್ತು, ಬೆರಳೆಲ್ಲ ಕಪ್ಪಾಗಿತ್ತು. ಆ ಕಪ್ಪು ಹೋಗಲು ಒಂದು ವಾರ ಹಿಡಿಯಿತು. ಬೆಂಗಳೂರಿಗೆ ಬಂದ ಮೇಲೂ ಎಲ್ಲರಿಗೂ ಕೈ ತೋರಿಸಿದರು.

ಬೆಳಗ್ಗೆ ಅದೇ ಅಡಿಕೆ ಹಂಡೆಯಲ್ಲಿ ಚೊಗರಿನ (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಜೊತೆ ಕುದಿಯಿತು. ಆಮೇಲೆ ಅಂಗಳದ ಅಟ್ಟದ ಮೇಲೆ ಕೆಂಪಗೆ ಹರಡಿದರು. ರಾತ್ರಿ ಸುಲಿದದ್ದು ಬೆಳಗ್ಗೆ ಏನಾಯಿತು ಅಂತ ಕಣ್ಣೆದುರೇ ಕಾಣುತ್ತದೆ, ಅಲ್ವಾ? ಮೂರು ದಿನದ ರಜೆಗೆ ಅದು ದೊಡ್ಡ ಅನುಕೂಲ. ಊಟ ಸಸ್ಯಾಹಾರ. ಬ್ರಾಹ್ಮಿ ಎಲೆ ತಂಬುಳಿ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ, ಬೆಳಗ್ಗೆ ತೆಳ್ಳೇವು. ಒಬ್ಬರಿಗೆ ದಿನಕ್ಕೆ 1,800 ತೆಗೆದುಕೊಂಡರು. ಮಳೆಗಾಲದಲ್ಲಿ ಹೋಗುವುದಾದರೆ ಉಂಬಳಕ್ಕೆ (ಜಿಗಣೆಗೆ) ಹೆದರಬಾರದು. ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಯುವುದನ್ನು ಆಗ ನೋಡಬಹುದು, ಆದರೆ ಅದರಲ್ಲಿ ನಾವು ಕೈ ಹಾಕುವಂತಿಲ್ಲ.

ಮಳವಳ್ಳಿ ಅಂದಾಗ ನಮ್ಮ ಯಜಮಾನರೇ "ಅಲ್ಲಿಗೆ ರಜೆಗೆ ಯಾರು ಹೋಗ್ತಾರೆ?" ಅಂದಿದ್ದರು. ಬೆಟ್ಟ ಇಲ್ಲ, ಮಂಜು ಇಲ್ಲ, ಬೆಂಗಳೂರಿಂದ ಎರಡೂವರೆ ಗಂಟೆ. ಆದರೆ ಮಕ್ಕಳು ಈಗ ಮತ್ತೆ ಮತ್ತೆ ಕೇಳುವುದು ಅದೇ ಮನೆ.

ಮನೆಯಲ್ಲಿ ನಾಲ್ಕು ಹಸು, ಒಂದೂವರೆ ಎಕರೆ ಹಿಪ್ಪುನೇರಳೆ, ಉಳಿದದ್ದು ಕಬ್ಬು. ಹಾಲು ಕರೆದು ಬೆಳಗ್ಗೆ ಆರಕ್ಕೆ ಡೇರಿಗೆ ಹಾಕಬೇಕು, ಸಂಜೆ ಮತ್ತೆ. ಮಗ ಮೂರು ದಿನವೂ ಕ್ಯಾನ್ ಹಿಡಿದು ಹೋದ. ರೇಷ್ಮೆ ಹುಳದ ಮನೆಗೆ ಹೋಗುವ ಮೊದಲೇ ಮನೆಯೊಡತಿ ಅಕ್ಕ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು: "ಕೈಕಾಲು ತೊಳ್ಕೊಂಡು ಬನ್ನಿ ಕಣಕ್ಕ. ಸೆಂಟ್ ಹಾಕೊಂಡಿದ್ರೆ ಒಳಕ್ಕೆ ಬರಬ್ಯಾಡಿ." ಸೊಳ್ಳೆ ಬತ್ತಿಯನ್ನೂ ಆ ಕಡೆ ಹಚ್ಚುವಂತಿಲ್ಲ. ಹುಳ ಸತ್ತುಹೋಗುತ್ತವೆ. ನಮಗಾಗಿ ಅವರು ಯಾವ ನಿಯಮವನ್ನೂ ಸಡಿಲಿಸಲಿಲ್ಲ. ನನಗೆ ಇಷ್ಟವಾಗಿದ್ದೇ ಅದು.

ಹುಳ ನಾಲ್ಕನೇ ಜ್ವರ ಎದ್ದಿದ್ದವು. ಮೊಟ್ಟೆ ಒಡೆದಲ್ಲಿಂದ ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ 25 ದಿನ. ನಾಲ್ಕು ಸಲ ಪೊರೆ ಬಿಡುತ್ತವೆ, ಅದನ್ನೇ ಜ್ವರ ಅನ್ನುವುದು. ಕೊನೆಯ ಒಂದು ವಾರದಲ್ಲಿ ತಿನ್ನುವ ಸೊಪ್ಪು, ಅಷ್ಟು ದಿನ ತಿಂದಿದ್ದರ ಎಷ್ಟೋ ಪಟ್ಟು. ಗೂಡು ಕಟ್ಟಲು ಸಿದ್ಧವಾದರೆ ಹಣ್ಣಾದವು ಅನ್ನುತ್ತಾರೆ, ಆಗ ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಗೆ ಬಿಡಬೇಕು. ರೆಂಬೆ ಸಮೇತ ಸೊಪ್ಪು ಹರಡಿ ಬಾಗಿಲು ಹಾಕಿ ಸುಮ್ಮನೆ ನಿಂತೆವು. ಹೊರಗೆ ಮಳೆ ಹಿಡಿದ ಹಾಗೆ ಸದ್ದು. ಮಗಳು ಕಿಟಕಿ ಹತ್ತಿರ ಹೋಗಿ ಆಕಾಶ ನೋಡಿದಳು. ಮಳೆ ಇರಲಿಲ್ಲ, ಹುಳ ತಿನ್ನುತ್ತಿದ್ದವು.

ಪಕ್ಕದ ಹೊಲದಲ್ಲಿ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಸೌದೆ. ಹದ ನೋಡುವ ಹಿರಿಯರು ಒಂದು ತೊಟ್ಟು ಪಾಕ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ "ಇನ್ನೊಸಿ ಬೇಕು" ಅಂದರು. ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿ ಮಕ್ಕಳಿಗೆ ಕೊಟ್ಟರು. ರಾತ್ರಿ ಮುದ್ದೆ, ಉಪ್ಸಾರು. ಒಬ್ಬರಿಗೆ ದಿನಕ್ಕೆ 1,200. ಕೊರತೆ ಏನು ಅಂದರೆ ಮಧ್ಯಾಹ್ನದ ಬಿಸಿಲು. ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಬರುವ ಹಾಗಿಲ್ಲ. ಅತ್ತೆಗೆ ಸೆಕೆ ತಡೆಯಲಿಲ್ಲ.

ವಯಸ್ಸಾದವರು ಜೊತೆಗಿದ್ದರೆ ಸಿದ್ದಾಪುರದ ಕಡೆ ಹೋಗಿ, ಕೊಯ್ಲಿನ ದಿನಗಳಲ್ಲಿ. ಚಿಕ್ಕ ಮಕ್ಕಳಿದ್ದರೆ ಮಳವಳ್ಳಿಗೆ ನನ್ನ ಮೊದಲ ಓಟು. ಕಾಫಿ ತೋಟಕ್ಕೆ ಹೂವಿಗೋ ಕುಯ್ಲಿಗೋ ಮಾತ್ರ. ಎಲ್ಲಿಗೇ ಆಗಲಿ, ಮುಂಗಡ ಕಳಿಸುವ ಮೊದಲು ಫೋನ್ ಮಾಡಿ "ಆ ವಾರ ನಿಮ್ಮಲ್ಲಿ ಏನು ಕೆಲಸ ಇರುತ್ತೆ?" ಅಂತ ಕೇಳಿ. ಈಜುಕೊಳದ ಫೋಟೊ ಕಳಿಸಿದರೆ ಬೇರೆ ಮನೆ ನೋಡಿ.

ನಾವು ಈ ಸಲ ದಿನಾಂಕವನ್ನೇ ಗೊತ್ತು ಮಾಡಿಲ್ಲ. ಮಳವಳ್ಳಿಯ ಅಕ್ಕ ನಿನ್ನೆ ರಾತ್ರಿ ಫೋನ್ ಮಾಡಿದ್ದರು. "ನಾಲ್ಕನೇ ಜ್ವರಕ್ಕೆ ಕೂತವೆ ಕಣಕ್ಕ. ಮುಂದಿನ ಶನಿವಾರದ ಹೊತ್ತಿಗೆ ಹಣ್ಣಾಯ್ತವೆ. ಚಂದ್ರಿಕೆಗೆ ಬಿಡಕ್ಕೆ ಕೈ ಸಾಲಕಿಲ್ಲ, ಮಕ್ಕಳನ್ನ ಕರ್ಕೊಂಡು ಬನ್ನಿ."